ಇ20 ಪೆಟ್ರೋಲ್: ಲಾಭ ಹೊಸ ಎಂಜಿನ್ನಿಗೆ, ಹೊರೆ ಹಳೆಯದಕ್ಕೆ

2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟಾಗ ಅದು ಸಿಗುತ್ತಿದ್ದುದು ದೇಶದ 84 ಬಂಕುಗಳಲ್ಲಿ ಮಾತ್ರ. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಎಂದೇ ಆಯಿತು. 2018ರ ಜೈವಿಕ ಇಂಧನ ನೀತಿ 2030ಕ್ಕೆ ಇಟ್ಟಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದ್ದು ಸರ್ಕಾರದ ಮಟ್ಟಿಗೆ ದೊಡ್ಡ ಸಾಧನೆಯೇ. ಆದರೆ ರಸ್ತೆಯ ಮೇಲಿರುವ ವಾಹನಗಳು ಅದೇ ವೇಗದಲ್ಲಿ ಬದಲಾಗಲಿಲ್ಲ. ಇ20 ತಾಳಿಕೊಳ್ಳುವ ರಬ್ಬರು, ಪ್ಲಾಸ್ಟಿಕ್ಕಿನ ಬಿಡಿಭಾಗಗಳಿರುವ ವಾಹನಗಳು ಮಾರುಕಟ್ಟೆಗೆ ಬರಬೇಕಾದದ್ದು 2023ರ ಏಪ್ರಿಲ್‌ನಿಂದ. ಎಂಜಿನ್ನನ್ನೇ ಇ20ಕ್ಕೆ ಟ್ಯೂನ್ ಮಾಡಿದ ವಾಹನಗಳು ಬರಬೇಕಾದದ್ದು 2025ರ ಏಪ್ರಿಲ್‌ನಿಂದ. ಅದಕ್ಕೂ ಮೊದಲು ಸಾಲ ಮಾಡಿ ಕಾರು, ಬೈಕು ಕೊಂಡ ಕೋಟ್ಯಂತರ ಜನರಿಗೆ ತಮ್ಮ ವಾಹನಕ್ಕೆ ಹೊಂದುವ ಪೆಟ್ರೋಲ್ ಆರಿಸಿಕೊಳ್ಳುವ ಅವಕಾಶವೇ ಉಳಿದಿಲ್ಲ. ನನ್ನ ತಕರಾರು ಎಥೆನಾಲ್ ಮೇಲಲ್ಲ, ಈ ಅವಕಾಶ ಕಿತ್ತುಕೊಂಡದ್ದರ ಮೇಲೆ.

ಎಥೆನಾಲ್ ಕೆಟ್ಟ ಇಂಧನವಲ್ಲ. ಪೆಟ್ರೋಲಿಗಿಂತ ಬೇರೆ ಬಗೆಯ ಇಂಧನ. ಅದರ ಅಣುವಿನಲ್ಲೇ ಆಮ್ಲಜನಕವಿದೆ. ಹಾಗಾಗಿ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ 9 ಕಿಲೋ ಸಾಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 32 ಮೆಗಾಜೂಲ್ ಶಕ್ತಿಯಿದ್ದರೆ ಎಥೆನಾಲಿನಲ್ಲಿ ಇರುವುದು 21. ಐದರಲ್ಲಿ ಒಂದು ಪಾಲು ಎಥೆನಾಲ್ ಬೆರೆತರೆ ಲೀಟರಿಗೆ ಸುಮಾರು ಶೇ 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಇದಕ್ಕೆ ಪ್ರತಿಯಾಗಿ ಎಥೆನಾಲ್ ಕೊಡುವುದೂ ಇದೆ. ಅದರ ಆಕ್ಟೇನ್ ಸಂಖ್ಯೆ ನೂರನ್ನು ದಾಟುತ್ತದೆ. ಆವಿಯಾಗುವಾಗ ಸಿಲಿಂಡರಿಗೆ ಬರುವ ಗಾಳಿಯನ್ನು ತಂಪು ಮಾಡುತ್ತದೆ. ಎರಡರಿಂದಲೂ ಎಂಜಿನ್ ಕುಟ್ಟುವುದು, ಅಂದರೆ ನಾಕಿಂಗ್, ಕಡಿಮೆಯಾಗುತ್ತದೆ. ನಾಕಿಂಗ್ ಭಯವಿಲ್ಲದಿದ್ದರೆ ಕಂಪ್ರೆಷನ್ ಹೆಚ್ಚಿಸಬಹುದು, ಸ್ಪಾರ್ಕನ್ನು ಇನ್ನಷ್ಟು ಮುಂಚೆ ಕೊಡಬಹುದು, ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಹುದು. ಆದರೆ ಕಂಪ್ರೆಷನ್ ಎಷ್ಟಿರಬೇಕೆಂಬುದು ಕಾರ್ಖಾನೆಯಲ್ಲೇ ತೀರ್ಮಾನವಾಗುತ್ತದೆ. ಸ್ಪಾರ್ಕಿನ ಲೆಕ್ಕ ಎಂಜಿನ್ನಿನ ಕಂಪ್ಯೂಟರಿನಲ್ಲಿ ಮೊದಲೇ ಬರೆದಿರುತ್ತದೆ. 91 ಆಕ್ಟೇನಿಗೆಂದು ರೂಪಿಸಿದ ಎಂಜಿನ್ನಿಗೆ 95 ಆಕ್ಟೇನಿನ ಇ20 ಸುರಿದ ಮಾತ್ರಕ್ಕೆ ಅದು ಹೆಚ್ಚು ಕಂಪ್ರೆಷನ್ನಿನ ಎಂಜಿನ್ ಆಗಿಬಿಡುವುದಿಲ್ಲ. ಶಕ್ತಿಯ ನಷ್ಟ ಮಾತ್ರ ಯಾವ ಎಂಜಿನ್ನಿಗೂ ತಪ್ಪುವುದಿಲ್ಲ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆಯಲ್ಲೂ ಪಿಕಪ್ ಚೆನ್ನಾಗಿರುತ್ತದೆ ಎಂದದ್ದು ಇ20ಕ್ಕೆ ಟ್ಯೂನ್ ಆದ ವಾಹನಗಳ ಬಗ್ಗೆ. ಆ ಷರತ್ತು ಪ್ರಚಾರದಲ್ಲಿ ಬಿದ್ದುಹೋಗಿ, ಎಲ್ಲರ ವಾಹನಕ್ಕೂ ಒಳ್ಳೆಯದು ಎಂಬ ಮಾತಷ್ಟೇ ಉಳಿದಿದೆ.

ಈಗಿನ ಎಂಜಿನ್‌ಗಳು ತಾವೇ ಹೊಂದಿಸಿಕೊಳ್ಳುತ್ತವೆ ಎಂಬ ಉತ್ತರದಲ್ಲಿ ಅರ್ಧ ಸತ್ಯವಿದೆ. ಹೊಗೆಯ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಮಿಶ್ರಣದಲ್ಲಿ ಇಂಧನ ಕಡಿಮೆಯಾದದ್ದನ್ನು ಗುರುತಿಸಿ ಹೆಚ್ಚು ಪೆಟ್ರೋಲ್ ಸಿಂಪಡಿಸಲು ಹೇಳುತ್ತದೆ. ಎಂಜಿನ್ ಸರಿಯಾಗಿ ಓಡುತ್ತದೆ ನಿಜ, ಓಡುವುದು ಹೆಚ್ಚು ಪೆಟ್ರೋಲ್ ಕುಡಿದು. ಮೈಲೇಜ್ ಇಳಿಯುವುದು ಹೀಗೆಯೇ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ಹೊತ್ತಿನಲ್ಲಿ ಆ ಸೆನ್ಸರ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗಲೂ ಅನೇಕ ಎಂಜಿನ್‌ಗಳು ಮೊದಲೇ ಬರೆದಿಟ್ಟ ಲೆಕ್ಕವನ್ನೇ ನೆಚ್ಚುತ್ತವೆ. ಕಾರ್ಬ್ಯುರೇಟರ್ ಬೈಕುಗಳಿಗಂತೂ ಸೆನ್ಸರ್ರೇ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬರುವ ತನಕ ಈ ದೇಶದ ದುಡಿಯುವ ಜನ ಕೊಂಡ ಬೈಕುಗಳಲ್ಲಿ ಬಹುಪಾಲು ಇಂಥವೇ. ಅವುಗಳ ಜೆಟ್ಟಿನ ತೂತು ಅಳೆದಷ್ಟೇ ಇಂಧನ ಬಿಡುತ್ತದೆ. ಮಿಶ್ರಣ ತೆಳುವಾಗುತ್ತದೆ, ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಎಳೆತ ಕುಗ್ಗುತ್ತದೆ. ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಎಥೆನಾಲ್ ಉಬ್ಬಿಸಿ ಸಡಿಲ ಮಾಡಬಲ್ಲದು. ನೀರನ್ನು ಹೀರಿಕೊಳ್ಳುವ ಗುಣವಿರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕಿನ ಅಪಾಯ ಹೆಚ್ಚು. ಇಂಥ ಗಾಡಿಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಹೆದರಿಸುವುದು ತಪ್ಪು. ಏನೂ ಆಗುವುದಿಲ್ಲ ಎಂದು ಸಾರುವುದೂ ಅಷ್ಟೇ ತಪ್ಪು.

ಮೈಲೇಜ್ ಇಳಿಯುತ್ತದೆ ಎಂಬುದನ್ನು ತೈಲ ಲಾಬಿಯ ಪ್ರಚಾರ ಎಂದು ಹೇಳಿ ಮುಗಿಸುವಂತಿಲ್ಲ, ಏಕೆಂದರೆ ಅಂಕಿಗಳು ಸರ್ಕಾರದ್ದೇ. ಇ20 ಹಾಕಿದರೆ, ಬರಿಯ ಪೆಟ್ರೋಲಿಗೆ ರೂಪಿಸಿ ಇ10ಕ್ಕೆ (ಶೇ 10ರ ಮಿಶ್ರಣಕ್ಕೆ) ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4, ಇ10ಕ್ಕೆ ರೂಪಿಸಿ ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2ರಷ್ಟು ಇಳಿಯಬಹುದೆಂದು 2021ರಲ್ಲೇ ಅಂದಾಜು ಮಾಡಿದ್ದು ನೀತಿ ಆಯೋಗದ ಮಾರ್ಗಸೂಚಿ. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಕಾರು ತಿಂಗಳಿಗೆ 1,000 ಕಿಲೋಮೀಟರ್ ಓಡಿದರೆ ಶೇ 6ರ ಇಳಿಕೆಯಿಂದ ನಾಲ್ಕು ಲೀಟರಿಗೂ ಹೆಚ್ಚು ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 400 ರೂಪಾಯಿಗೂ ಮೇಲೆ. ಇದರಲ್ಲಿ ಅರ್ಧವನ್ನು ಇ10ರ ಕಾಲದಲ್ಲೇ ತೆತ್ತಿದ್ದೆವು, ಯಾರೂ ಹೇಳಲಿಲ್ಲ ಅಷ್ಟೆ. ಈ ನಷ್ಟ ತುಂಬಲು ತೆರಿಗೆ ರಿಯಾಯಿತಿ ಕೊಡಬಹುದೆಂದು ಅದೇ ಮಾರ್ಗಸೂಚಿ ಸೂಚಿಸಿತ್ತು. ಈಗ ಎಥೆನಾಲಿನ ಖರೀದಿ ದರವೇ ಪೆಟ್ರೋಲಿನದಕ್ಕಿಂತ ಹೆಚ್ಚಾಗಿದೆ, ಹಾಗಾಗಿ ಇಳಿಸಲಾಗದು ಎಂಬುದು ಸಚಿವಾಲಯದ ವಾದ. ದೇಶದ ಹಿತಕ್ಕಾಗಿ ದುಬಾರಿ ಇಂಧನ ಬೆರೆಸುವುದಾದರೆ ಆ ಖರ್ಚು ದೇಶದ ಬೊಕ್ಕಸದಿಂದ ಬರಬೇಕು. ಹಳೆಯ ಗಾಡಿ ಓಡಿಸುವವರ ಜೇಬಿನಿಂದ ಬರುವುದು ಅನ್ಯಾಯ.

ಇ20 ಕಡಿಮೆಯಾದರೆ ರೈತರಿಗೆ ನಷ್ಟ ಎಂಬುದು ಇಲ್ಲಿ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ಎಥೆನಾಲಿನಿಂದ ಸಕ್ಕರೆ ಕಾರ್ಖಾನೆಗಳಿಗೆ ಆದಾಯ ಬಂದಿದೆ, ಕಬ್ಬಿನ ಬಾಕಿ ತೀರಲು ನೆರವಾಗಿದೆ, ವಿದೇಶಿ ವಿನಿಮಯ ಉಳಿದಿದೆ. ಇದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೂ ಇ20 ಎಲ್ಲೆಡೆ ಬಂದ ವರ್ಷದಲ್ಲೇ, 2025ರ ನವೆಂಬರ್‌ನಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂರಬೇಕಾಯಿತು. ಬಂಕಿನಲ್ಲಿ ಬೇರೆ ಪೆಟ್ರೋಲ್ ಸಿಗದಂತೆ ಮಾಡಿದ್ದರಿಂದ ಹೊಲದಲ್ಲಿ ಬೆಲೆ ತಾನಾಗಿ ಏರಲಿಲ್ಲ. ಹಳೆಯ ವಾಹನಗಳಿಗೆ ಇ10 ಉಳಿಸಿದರೆ ರೈತನ ಕಬ್ಬು ಕೊಳ್ಳುವವರಿಲ್ಲದೆ ಹೋಗುವುದೂ ಇಲ್ಲ: ವರ್ಷ ವರ್ಷವೂ ಹಳೆಯ ಗಾಡಿಗಳು ಕಳಚಿ ಇ20ರ ಗಾಡಿಗಳೇ ಹೆಚ್ಚುತ್ತವೆ.

ಬ್ರೆಜಿಲ್ ಕಡೆ ಬೆರಳು ತೋರಿಸುವವರು ಆ ದೇಶದ ಪೂರ್ತಿ ಕಥೆ ಹೇಳಬೇಕು. 1975ರಲ್ಲಿ ಎಥೆನಾಲ್ ಯೋಜನೆ ಆರಂಭಿಸಿದ ಬ್ರೆಜಿಲ್ 2003ರಿಂದ ಯಾವ ಪ್ರಮಾಣದ ಮಿಶ್ರಣಕ್ಕೂ ಹೊಂದಿಕೊಳ್ಳುವ ಫ್ಲೆಕ್ಸ್ ಫ್ಯುಯೆಲ್ ಕಾರುಗಳನ್ನು ರಸ್ತೆಗೆ ತಂದಿತು. 2025ರ ಆಗಸ್ಟ್‌ನಲ್ಲಿ ಮಿಶ್ರಣವನ್ನು ಶೇ 30ಕ್ಕೆ ಏರಿಸಿದ್ದು ಅದಾದ ಎರಡು ದಶಕಗಳ ಮೇಲೆ. ಅಮೆರಿಕದಲ್ಲಿ ಶೇ 15ರ ಮಿಶ್ರಣ ಮಾರುವ ಪಂಪಿನ ಮೇಲೆ, 2001ರ ಮಾದರಿ ಮತ್ತು ಆಮೇಲಿನ ವಾಹನಗಳಿಗೆ ಮಾತ್ರ ಎಂದು ಚೀಟಿ ಅಂಟಿಸಲೇಬೇಕು. ಬ್ರಿಟನ್ 2021ರಲ್ಲಿ ಇ10ಕ್ಕೆ ಬದಲಾದಾಗ ಹಳೆಯ ಕಾರುಗಳಿಗೆಂದು ಇ5 ಉಳಿಸಿಕೊಂಡಿತು. ನಮ್ಮಲ್ಲಿ ಎಥೆನಾಲ್ ಬೆರೆಸದ ಪೆಟ್ರೋಲಿನ ಆಯ್ಕೆಯನ್ನೂ ಕೊಡಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ನ್ಯಾಯಾಲಯ ಬೇಡವೆಂದರೂ ಸರ್ಕಾರ ಮಾಡಬಾರದೆಂದೇನಿಲ್ಲ. ಎರಡು ಬಗೆಯ ಪೆಟ್ರೋಲ್ ಇಡಲು ಜಾಗವಿಲ್ಲ ಎನ್ನುವಂತೆಯೂ ಇಲ್ಲ. ಪ್ರೀಮಿಯಂ ಪೆಟ್ರೋಲಿಗೆ ಸಾವಿರಾರು ಬಂಕುಗಳಲ್ಲಿ ಬೇರೆ ಟ್ಯಾಂಕು, ಬೇರೆ ನಾಝಲ್ ಈಗಲೇ ಇವೆ. ಪಂಪಿನ ಮೇಲೆ ಎಥೆನಾಲ್ ಪ್ರಮಾಣವನ್ನು ಕನ್ನಡದಲ್ಲಿ ಕಾಣುವಂತೆ ಬರೆಯಲಿ. ಯಾವ ಮಾದರಿ, ಯಾವ ವರ್ಷದ ಗಾಡಿಗೆ ಇ20 ಹಾಕಿದರೂ ವಾರಂಟಿ ಮತ್ತು ವಿಮೆ ನಡೆಯುತ್ತದೆ ಎಂಬುದನ್ನು ಕಂಪನಿಗಳು ಲಿಖಿತವಾಗಿ ಕೊಡಲಿ. ಇ20ರ ದರ ಅದರಲ್ಲಿರುವ ಶಕ್ತಿಗೆ ತಕ್ಕಂತೆ ಇಳಿಯಲಿ. ಶೇ 20ನ್ನೂ ಮೀರುವ ಮಾತು ದಿಲ್ಲಿಯಲ್ಲಿ ಈಗಾಗಲೇ ನಡೆದಿದೆ. ಈ ಮೂರೂ ಆಗುವವರೆಗೆ ಮಿಶ್ರಣವನ್ನು ಒಂದು ಹನಿಯೂ ಹೆಚ್ಚಿಸಬಾರದು.