ಕಂಪ್ಯೂಟರ್ ಕಲಿಸುವ ಮಾತು ಒಂಬತ್ತನೇ ತರಗತಿಯಲ್ಲೇ ಆಗಲಿ

ಎಸೆಸೆಲ್ಸಿ ಫಲಿತಾಂಶ ಬಂದ ವಾರ ಈ ಪುಟಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. ‘ಮಗನಿಗೆ ಕಂಪ್ಯೂಟರ್ ಲೈನ್ ಬೇಕಂತೆ, ಎಲ್ಲಿಗೆ ಹಾಕುವುದು?’ ಅಂಥ ಒಂದು ಕರೆ ಕಾರವಾರ ತಾಲೂಕಿನ ಕಿನ್ನರದಿಂದ ಬಂದಿತ್ತು. ಮಂಗಳೂರು ಕಡೆಯಿಂದ ವ್ಯಾಪಾರಕ್ಕೆಂದು ಹೋಗಿ ಕಾಳಿ ನದಿಯ ಬದಿಯ ಆ ಊರಿನಲ್ಲೇ ನಿಂತ ಕುಟುಂಬ. ಹುಡುಗ ಮನೆಯಲ್ಲಿ ಬ್ಯಾರಿ ಮಾತಾಡುತ್ತಾನೆ, ರಸ್ತೆಗಿಳಿದರೆ ಕೊಂಕಣಿ, ಶಾಲೆಯಲ್ಲಿ ಕನ್ನಡ. ಉಪ್ಪ ಗಲ್ಫಿನಲ್ಲಿ. ಫೋನ್ ಮಾಡಿದ್ದು ಉಮ್ಮ.

ಅಂಕ ಚೆನ್ನಾಗಿಯೇ ಇತ್ತು. ಮಾತಾಡುತ್ತಾ ಹೋದಾಗ ಒಂದು ಸಂಗತಿ ಹೊರಬಿತ್ತು. ಹುಡುಗ ಏಳನೇ ತರಗತಿವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ್ದ. ‘ಕಂಪ್ಯೂಟರ್ ಕಲಿಯಬೇಕಾದರೆ ಇಂಗ್ಲಿಷ್ ಬೇಕು’ ಎಂದು ಸಂಬಂಧಿಕರು ಹೇಳಿದ್ದಕ್ಕೆ ಎಂಟನೇ ತರಗತಿಗೆ ಕಾರವಾರ ನಗರದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದರು. ಹೇಳಿದವರದ್ದು ಕೆಟ್ಟ ಉದ್ದೇಶವೇನೂ ಅಲ್ಲ. ಆದರೆ ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಮೀಸಲುಂಟು. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು. ನಗರಸಭೆ ವ್ಯಾಪ್ತಿಯ ಶಾಲೆಯಲ್ಲಿ ಓದಿದ ಮೂರು ವರ್ಷ ಆ ಹುಡುಗನಿಂದ ಎರಡನ್ನೂ ಕಿತ್ತುಕೊಂಡಿತು. ‘ಇದನ್ನು ನಮಗೆ ಯಾರೂ ಹೇಳಲಿಲ್ಲ ಮಾರಾಯ್ರೆ’ ಎಂದರು ಆ ತಾಯಿ. ನಮ್ಮಲ್ಲಿ ಉತ್ತರ ಇರಲಿಲ್ಲ. ಹೇಳಬೇಕಾದವರಲ್ಲಿ ನಾವೂ ಸೇರಿದ್ದೇವಲ್ಲ.

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಬೇಕೇ ಬೇಕು. ಆದರೆ ಇಂಗ್ಲಿಷನ್ನು ಸಂಜೆ ಮನೆಯಲ್ಲೂ ಕಲಿಯಬಹುದು, ಕಳೆದುಹೋದ ಹತ್ತು ವರ್ಷದ ಅರ್ಹತೆಯನ್ನು ಮತ್ತೆ ತರಲಾಗದು. ಮಗುವನ್ನು ಪೇಟೆಗೆ ಕಳಿಸುವ ಮೊದಲು ಈ ಲೆಕ್ಕ ಮನೆಯವರ ಕಣ್ಣ ಮುಂದೆ ಇರಬೇಕಿತ್ತು, ಅಷ್ಟೇ.

ಕಾರವಾರ, ಅಂಕೋಲಾದಲ್ಲಿ ದೊಡ್ಡ ಐಟಿ ಕಂಪೆನಿ ಇಲ್ಲ. ಅಲ್ಲಿನ ಮಕ್ಕಳು ದಿನಾ ಕಾಣುವ ದೊಡ್ಡ ಉದ್ಯೋಗವೆಂದರೆ ಕೈಗಾ, ಸೀಬರ್ಡ್, ಬಂದರು. ಕಂಪ್ಯೂಟರ್ ಎಂದರೆ ಬೆಂಗಳೂರು, ಬೆಂಗಳೂರು ಎಂದರೆ ಇಂಜಿನಿಯರಿಂಗ್, ಇಂಜಿನಿಯರಿಂಗ್ ಎಂದರೆ ಲಕ್ಷಗಟ್ಟಲೆ ದುಡ್ಡು. ಈ ಮೂರು ಮೆಟ್ಟಿಲಿನಲ್ಲಿ ಮನೆಯವರ ಧೈರ್ಯ ಹೋಗುತ್ತದೆ. ಆಮೇಲೆ ಏನಾಗುತ್ತದೆ? ಹುಡುಗ ಮೊಬೈಲ್ ಅಂಗಡಿಗೆ, ಹುಡುಗಿ ಮನೆಗೆ. ಇಲ್ಲವೆಂದರೆ ಪೇಟೆಯ ಯಾವುದೋ ಸೆಂಟರಿನ ಆರು ತಿಂಗಳ ‘ಸಾಫ್ಟ್‌ವೇರ್ ಡಿಪ್ಲೊಮಾ’. ಹಾಗೆ 20 ಸಾವಿರ ಕಟ್ಟಿ ತಂದ ಒಂದು ಸರ್ಟಿಫಿಕೇಟನ್ನು ನಾವು ನೋಡಿದ್ದೇವೆ. ಬಂಗಾರದ ಬಣ್ಣದ ಅಂಚು, ದೊಡ್ಡ ಮೊಹರು. ಯಾವ ಮಂಡಳಿಯ ಮಾನ್ಯತೆ ಎಂದು ಹುಡುಕಿದರೆ ಎಲ್ಲೂ ಇಲ್ಲ. ಸೆಂಟರಿನ ಹೆಸರು ಇಲ್ಲಿ ಬೇಡ. ಫೀಸು ಕಟ್ಟುವ ಮೊದಲು ‘ಇದಕ್ಕೆ ಮಾನ್ಯತೆ ಕೊಟ್ಟದ್ದು ಯಾರು?’ ಎಂಬ ಒಂದು ಪ್ರಶ್ನೆ ಕೇಳಿ ಎಂಬುದಷ್ಟೇ ನಮ್ಮ ಮಾತು.

ದಾರಿ ಒಂದೇ ಅಲ್ಲ. ಪಿಯುಸಿ ಸೈನ್ಸ್, ಸಿಇಟಿ, ಬಿಇ ಎಲ್ಲರಿಗೂ ಗೊತ್ತಿರುವ ದಾರಿ. ಅಷ್ಟಾಗಿ ಗೊತ್ತಿಲ್ಲದ್ದು ಪಾಲಿಟೆಕ್ನಿಕ್. ಎಸೆಸೆಲ್ಸಿ ಆದ ಕೂಡಲೇ ಮೂರು ವರ್ಷದ ಡಿಪ್ಲೊಮಾ. ಅದು ಮುಗಿದ ಮೇಲೆ ಡಿಸಿಇಟಿ ಬರೆದರೆ ನೇರ ಬಿಇ ಎರಡನೇ ವರ್ಷಕ್ಕೆ ಪ್ರವೇಶ. ಲೆಕ್ಕ ಹಾಕಿ: ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ. ಒಂದು ವರ್ಷವೂ ನಷ್ಟವಿಲ್ಲ. ನಡುವೆ ಮನೆಯ ಪರಿಸ್ಥಿತಿ ಕೈಕೊಟ್ಟರೂ ಕೈಯಲ್ಲಿ ಕೆಲಸ ಕೇಳಬಹುದಾದ ಒಂದು ಕಾಗದ ಇರುತ್ತದೆ. ಬರೀ ಪಿಯುಸಿಗೆ ಆ ಬೆಲೆ ಇಲ್ಲ. ಕಷ್ಟವೂ ಉಂಟು, ಮುಚ್ಚಿಡುವುದು ಬೇಡ. ಡಿಪ್ಲೊಮಾದಿಂದ ಬಂದವರಿಗೆ ಬಿಇ ಎರಡನೇ ವರ್ಷದ ಗಣಿತ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಒಂದು ವರ್ಷ ಹಲ್ಲು ಕಚ್ಚಿ ಓದಬೇಕು.

ಕಿನ್ನರದವರಿಗೆ ಇದು ದೂರದ ಮಾತಲ್ಲ. ಕಾರವಾರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಮಾಜಾಳಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2007ರಿಂದ ನಡೆಯುತ್ತಿದೆ. ಎರಡು ಬಸ್ಸು ಹತ್ತಬೇಕು, ಕಾಳಿ ಸೇತುವೆ ದಾಟಬೇಕು. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಅಲ್ಲಿ ದಾಟುವಾಗ ಎದೆ ಡವಗುಟ್ಟುತ್ತದೆ ಎನ್ನುವವರಿದ್ದಾರೆ, ಇರಲಿ. ಹೆಣ್ಣು ಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತ. ದಕ್ಷಿಣಕ್ಕೆ ಬಂದರೆ ಭಟ್ಕಳದಲ್ಲಿ ಅಂಜುಮನ್‌ನವರು 1980ರಲ್ಲಿ ಕಟ್ಟಿದ ಇಂಜಿನಿಯರಿಂಗ್ ಕಾಲೇಜುಂಟು.

ಸೈನ್ಸ್ ಬೇಡ ಎನ್ನುವ ಮಕ್ಕಳಿಗೂ ಬಾಗಿಲು ಮುಚ್ಚಿಲ್ಲ. ಪಿಯುಸಿ ಕಾಮರ್ಸ್‌ನಲ್ಲೇ ಇತಿಹಾಸದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ಕೆಲವು ಕಾಲೇಜುಗಳಲ್ಲಿ ಸಿಗುತ್ತದೆ. ಅಲ್ಲಿಂದ ಬಿಸಿಎ. ಬಿಸಿಎ ಆದವರನ್ನು ಕೆಲಸಕ್ಕೆ ತೆಗೆದುಕೊಂಡು ಮುಂದೆ ಓದಿಸುವ ಯೋಜನೆ ವಿಪ್ರೋದಂಥ ಕಂಪೆನಿಯಲ್ಲೂ ಇದೆ. ಆದರೆ ಬಿಇ ಆಸೆ ಇದ್ದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬಿಡುವಂತಿಲ್ಲ. ಗಣಿತದ ಹೆದರಿಕೆಯಿಂದ ಅದನ್ನು ಬಿಟ್ಟು ಆಮೇಲೆ ‘ಇಂಜಿನಿಯರಿಂಗ್ ಸಿಗುತ್ತದಾ?’ ಎಂದು ಕೇಳುವವರಿಗೆ ಎಂತ ಹೇಳುವುದು? ಎಸೆಸೆಲ್ಸಿಯಲ್ಲೇ ಗಣಿತ ಕೈಕೊಟ್ಟಿದ್ದರೆ ಈಗ ಅದೇ ವರ್ಷ ಪರೀಕ್ಷೆ 2 ಬರೆಯಬಹುದು. ಅಂಕ ಹೆಚ್ಚಿಸಿಕೊಳ್ಳಲಿಕ್ಕೂ ಬರೆಯಬಹುದು. ಓದು ಅಷ್ಟು ಹಿಡಿಸದ ಮಕ್ಕಳಿಗೆ ಐಟಿಐಯಲ್ಲಿ ‘ಕೋಪಾ’ ಎಂಬ ಒಂದು ವರ್ಷದ ಕಂಪ್ಯೂಟರ್ ಕೋರ್ಸ್ ಇದೆ. ಬಂಗಾರದ ಅಂಚಿನ ಸರ್ಟಿಫಿಕೇಟಿಗಿಂತ ಅದು ಎಷ್ಟೋ ಮೇಲು.

ಮನೆಯಿಂದ ದೂರ ಕಳಿಸಲು ಮನಸ್ಸಿಲ್ಲದವರು ಮದ್ರಾಸ್ ಐಐಟಿ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಪದವಿಯನ್ನು ನೋಡಬೇಕು. ಜೆಇಇ ಬೇಕಿಲ್ಲ. ಪಿಯುಸಿ ಆಗಿರಬೇಕು, ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ನಾಲ್ಕು ವಾರ ಅವರೇ ಪಾಠ ಮಾಡಿ ಪರೀಕ್ಷೆ ಇಡುತ್ತಾರೆ, ಅದರಲ್ಲಿ ಗೆದ್ದರೆ ಪ್ರವೇಶ. ಪಾಠ ಆನ್‌ಲೈನಿನಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಆದಾಯ ಕಡಿಮೆ ಇದ್ದವರಿಗೆ ಶುಲ್ಕ ರಿಯಾಯಿತಿಯೂ ಉಂಟು. ಹುಡುಗಿಯರನ್ನು ಪಿಯುಸಿಗೇ ನಿಲ್ಲಿಸುವ ಮನೆಗಳು ಇದನ್ನು ಓದಿಕೊಳ್ಳಲಿ.

ದುಡ್ಡಿನ ವಿಷಯ. ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ಡಿಪ್ಲೊಮಾ ಅಥವಾ ಬಿಇ ಓದುವ ಹುಡುಗಿಯರಿಗೆ ವರ್ಷಕ್ಕೆ 50 ಸಾವಿರ ರೂಪಾಯಿ ಕೊಡುತ್ತದೆ. ಮನೆಯ ಆದಾಯ 8 ಲಕ್ಷದ ಒಳಗಿರಬೇಕು, ಒಂದು ಮನೆಯ ಇಬ್ಬರು ಹುಡುಗಿಯರಿಗೆ ಸಿಗಬಹುದು. ಸಿಇಟಿಯಲ್ಲಿ ಸೀಟು ಸಿಕ್ಕಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಅಲ್ಲದೆ ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನ.

ಆದರೆ ಇವುಗಳಲ್ಲಿ ನಮ್ಮ ಮಕ್ಕಳು ಬೀಳುವುದು ಅಂಕದಲ್ಲಲ್ಲ, ಹೆಸರಿನಲ್ಲಿ. ಆಧಾರ್‌ನಲ್ಲಿ ಮುಹಮ್ಮದ್, ಶಾಲೆಯಲ್ಲಿ ಮಹಮ್ಮದ್, ಬ್ಯಾಂಕಿನಲ್ಲಿ ಬರೀ ಎಂಡಿ. ಅಕ್ಕ ಫಾತಿಮತ್, ಆಧಾರ್‌ನಲ್ಲಿ ಫಾತಿಮಾ. ಉಪ್ಪನ ಹೆಸರಿನ ಮುಂದೆ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ರೇಷನ್ ಕಾರ್ಡಿನಲ್ಲಿ ಅಜ್ಜನ ಹೆಸರು. ಮನುಷ್ಯರಿಗೆ ಇದೆಲ್ಲ ಒಂದೇ ಆಳು ಎಂದು ಗೊತ್ತಾಗುತ್ತದೆ, ಪೋರ್ಟಲಿಗೆ ಆಗುವುದಿಲ್ಲ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ತಿದ್ದಿಸುವುದು ದೊಡ್ಡ ತಲೆನೋವು. ಪರೀಕ್ಷೆಗೆ ನೋಂದಣಿ ಮಾಡುವ ಮೊದಲೇ ಹೆಡ್‌ಮಾಸ್ಟರರ ಹತ್ತಿರ ಹೋಗಿ ಸರಿ ಮಾಡಿಸಿದರೆ ಅದೇ ಕೆಲಸ ಸುಲಭ. ಅಂದರೆ ಒಂಬತ್ತನೇ ತರಗತಿಯಲ್ಲಿ. ಅದೇ ಹೊತ್ತಿಗೆ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನೂ ತೆಗೆದಿಡಬೇಕು. 2ಬಿ ಮೀಸಲಾತಿ ತೆಗೆಯಲು 2023ರ ಮಾರ್ಚ್‌ನಲ್ಲಿ ಆದ ಆದೇಶದಿಂದ ‘ಇನ್ನು ಅದು ಇಲ್ಲವಲ್ಲ’ ಎಂದು ಕೈಬಿಟ್ಟವರು ಈಗಲೂ ಸಿಗುತ್ತಾರೆ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿದ್ದರಿಂದ ಆ ಆದೇಶ ಜಾರಿಗೆ ಬಂದಿಲ್ಲ. ಪ್ರಮಾಣಪತ್ರ ಮಾಡಿಸಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ‘ಎಐ ಬಂದಿದೆ, ಐಟಿಯಲ್ಲಿ ಕೆಲಸವೇ ಇಲ್ಲವಂತೆ?’ ಹೆದರಿಕೆ ಪೂರ್ತಿ ಸುಳ್ಳಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಡಿಗ್ರಿ ಕಾಗದ ತೋರಿಸಿದ ಕೂಡಲೇ ಕೆಲಸ ಕೊಡುತ್ತಿದ್ದ ಕಾಲ ಹೋಯಿತು. ಆದರೆ ಐಟಿ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡ ಮಾತ್ರ ಅಲ್ಲ. ಆಸ್ಪತ್ರೆ, ಬಂದರು, ಬ್ಯಾಂಕು, ಗಲ್ಫಿನ ಸೂಪರ್‌ಮಾರ್ಕೆಟ್ ಎಲ್ಲ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರು, ಲೆಕ್ಕದ ಸಾಫ್ಟ್‌ವೇರ್ ನಡೆಸುವವರು, ಡೇಟಾ ಕಾಯುವವರು ಬೇಕು. ತಳಪಾಯ ಗಟ್ಟಿ ಇದ್ದವನು ಒಂದು ಕೆಲಸ ಹೋದರೆ ಇನ್ನೊಂದಕ್ಕೆ ಹೊರಳಿಕೊಳ್ಳುತ್ತಾನೆ. ಆರು ತಿಂಗಳಲ್ಲಿ ಬಟನ್ ಒತ್ತಲು ಮಾತ್ರ ಕಲಿತವನಿಗೆ ಅದು ಕಷ್ಟ.

ಜಮಾಅತಿನವರಿಗೂ ಸಂಘಟನೆಗಳಿಗೂ ಒಂದು ಮಾತಿದೆ, ಬೇಸರ ಮಾಡಿಕೊಳ್ಳಬೇಡಿ. ಪ್ರತಿ ಜೂನ್‌ನಲ್ಲಿ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ಶಾಲು, ಸ್ಮರಣಿಕೆ, ಫೋಟೊ. ಶೇ. 95 ತೆಗೆದ ಮಗುವಿಗೆ ದಾರಿ ಹೇಗೂ ಸಿಗುತ್ತದೆ. ಶೇ. 58 ತೆಗೆದು ಹಿಂದಿನ ಸಾಲಿನಲ್ಲಿ ಕುಳಿತ ಮಗುವಿನ ಜೊತೆ ಯಾರು ಮಾತಾಡುತ್ತಾರೆ? ಸ್ಮರಣಿಕೆಯ ದುಡ್ಡಿನಲ್ಲಿ ಹಳೆಯ ಎರಡು ಲ್ಯಾಪ್‌ಟಾಪ್ ಮದ್ರಸ ಕಟ್ಟಡದ ಒಂದು ಕೋಣೆಯಲ್ಲಿಟ್ಟು ಭಾನುವಾರ ಒಂಬತ್ತನೇ ತರಗತಿಯವರನ್ನು ಕೂರಿಸಿ. ಇನ್ಫೋಸಿಸ್‌ನ ‘ಸ್ಪ್ರಿಂಗ್‌ಬೋರ್ಡ್’ ಪಾಠಗಳು ಉಚಿತವಾಗಿಯೇ ಇವೆ. ಕಲಿಸಲು ಊರಿನ ಬಿಸಿಎ ಹುಡುಗಿ ಸಾಕು, ಬೆಂಗಳೂರಿನಿಂದ ಭಾಷಣಕಾರರು ಬರಬೇಕೆಂದಿಲ್ಲ. ಜೊತೆಗೆ ಆ ಮಕ್ಕಳ ಆಧಾರ್ ಮತ್ತು ಶಾಲಾ ದಾಖಲೆಯನ್ನು ಅಕ್ಕಪಕ್ಕ ಇಟ್ಟು ಹೆಸರು ತಾಳೆ ನೋಡಿ.

ಕಿನ್ನರದ ಹುಡುಗ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ. ಫೋನ್ ಇಡುವ ಮೊದಲು ಅವನ ಉಮ್ಮ ಇನ್ನೊಂದು ಪ್ರಶ್ನೆ ಕೇಳಿದ್ದರು. ಮಗಳು ಏಳನೇ ತರಗತಿಯಲ್ಲಿದ್ದಾಳೆ, ಬರುವ ವರ್ಷ ಅವಳನ್ನೂ ಕಾರವಾರದ ಶಾಲೆಗೆ ಹಾಕುವ ಮಾತು ಮನೆಯಲ್ಲಿ ನಡೆದಿದೆ, ಎಂತ ಮಾಡುವುದು ಎಂದು. ಹತ್ತು ವರ್ಷದ ಲೆಕ್ಕವನ್ನು ಅವರಿಗೆ ಮತ್ತೊಮ್ಮೆ ಬಿಡಿಸಿ ಹೇಳಿದೆವು. ರಾತ್ರಿ ಗಲ್ಫಿಗೆ ಫೋನ್ ಮಾಡಿ ಗಂಡನ ಹತ್ತಿರ ಮಾತಾಡುತ್ತೇನೆ ಎಂದರು.