ತಿಳಿದಿರಲಿ: ತೀರಿದ ಸಾಲ, ಅಳಿಯದ ಋಣ

ಅಪ್ಪ ಬೆಳೆಸಾಲ ತೀರಿಸಿ ಎಷ್ಟೋ ವರ್ಷವಾಗಿತ್ತು. ಅಕ್ಕನ ಓದಿಗೆ ಹೊಲದ ಮೇಲೆ ಸಾಲ ಕೇಳಲು ಹೋದಾಗ ಅಧಿಕಾರಿ ಪಹಣಿಯ 11ನೇ ಕಾಲಂ ತೋರಿಸಿದರು. ಹಳೆಯ ಸಾಲ ಅಲ್ಲೇ ಕೂತಿತ್ತು!

ಋಣವಿದ್ದರೂ ಹೊಲ ನಮ್ಮದೇ. ಆದರೆ ಹೊಸ ಸಾಲ ಸಿಗುವುದು ಕಷ್ಟ, ಕೊಳ್ಳುವವರೂ ಹಿಂಜರಿಯುತ್ತಾರೆ. ಮಾರಿದರೂ ತೀರದ ಋಣ ಹೊಲದ ಬೆನ್ನು ಬಿಡದು. ಆದ್ದರಿಂದ ಸಾಲ ತೀರಿದೊಡನೆ ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು, ಉಪನೋಂದಣಿ ಕಚೇರಿಯಲ್ಲಿ ದಾಖಲಿಸಿ, ಹೊಸ ಪಹಣಿ ತೆಗೆಸಿ ನೋಡಬೇಕು.

ಮನೆ ಸಾಲವಾದರೆ, ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಮರಳಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದು 2023ರ ರಿಸರ್ವ್ ಬ್ಯಾಂಕ್ ನಿಯಮ.

ಮಕ್ಕಳೇ, ಇಂದು ಸಂಜೆ ಮನೆಯ ಪಹಣಿ ತೆಗೆದು 11ನೇ ಕಾಲಂ ಎಲ್ಲರಿಗೂ ಓದಿ ಹೇಳುತ್ತೀರಾ?