ಗಡಿ ದಾಟಿದರೆ ಹಕ್ಕು ಬದಲಾಗಬೇಕೇ?

ಕಳೆದ ವಾರ ನೋಯ್ಡಾದಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ವಿದ್ಯುತ್ ಮಂಡಲದ ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನು ಈಗ ವಿದ್ಯುತ್ ಕಾರಿನ ಒಡೆಯ! (ಹೆಸರು ಬರೆಯುವುದಿಲ್ಲ, ಸಹಪಾಠಿಗಳಿಗೆ ಗೊತ್ತಾಗುತ್ತದೆ.) "ಸಾರ್, ಕಾರು ಬಂತು, ಚಾರ್ಜ್ ಮಾಡಲು ಅಪಾರ್ಟ್‌ಮೆಂಟಿನ ಸಂಘದವರು ಬಿಡುತ್ತಿಲ್ಲ" ಎಂದ. ಕೆಲವೇ ಕಿಲೋಮೀಟರ್ ಆಚೆ, ದೆಹಲಿಗೆ ಸೇರಿದ ಮಯೂರ ವಿಹಾರದಲ್ಲಿರುವ ಅವನ ಸಹೋದ್ಯೋಗಿಗೆ ಈ ತಾಪತ್ರಯವೇ ಇರಲಿಲ್ಲವಂತೆ.

ಇರಲಿಲ್ಲ, ನಿಜ. ದೆಹಲಿ ಸರ್ಕಾರ 2020ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ತಂದಿತು. ಮೊದಲ 30,000 ಚಾರ್ಜಿಂಗ್ ಕೇಂದ್ರಗಳಿಗೆ ತಲಾ 6,000 ರೂಪಾಯಿವರೆಗೆ ಸಹಾಯಧನ ಘೋಷಿಸಿತು. ನೂರಕ್ಕಿಂತ ಹೆಚ್ಚು ವಾಹನ ನಿಲ್ಲುವ ಮಾಲು, ಆಸ್ಪತ್ರೆಗಳಂಥ ಕಟ್ಟಡಗಳು ಶೇಕಡಾ 5ರಷ್ಟು ಜಾಗವನ್ನು ಇವುಗಳಿಗೆ ಮೀಸಲಿಡಬೇಕೆಂದು 2021ರಲ್ಲಿ ಆದೇಶಿಸಿತು. ಅದೇ ವರ್ಷ ಮನೆಮನೆಯ ಚಾರ್ಜರಿಗೂ ಏಕಗವಾಕ್ಷಿ ವ್ಯವಸ್ಥೆ ಬಂದಿತು. ನೋಯ್ಡಾ ಉತ್ತರ ಪ್ರದೇಶದ್ದು. ದೆಹಲಿಯ ಆದೇಶ ಚಿಲ್ಲಾ ಗಡಿಯಲ್ಲಿಯೇ ನಿಂತಿತು. ಉತ್ತರ ಪ್ರದೇಶದ ಈಗಿನ ನೀತಿ ಬಂದದ್ದು 2022ರಲ್ಲಿ.

ರಾಜ್ಯಗಳಿಗೆ ಸ್ವಾತಂತ್ರ್ಯ ಬೇಡವೇ ಎಂದು ಕೇಳುವಿರಿ. ಖಂಡಿತ ಬೇಕು. ಸಹಾಯಧನ, ಯೂನಿಟ್ಟಿನ ದರ ಇವು ಊರಿಗೊಂದು ಬಗೆಯಾಗಿರಲಿ. ಆದರೆ ಮನೆಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನವನ್ನು ಚಾರ್ಜ್ ಮಾಡಿಕೊಳ್ಳಬಹುದೆಂದು 2022ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದ್ದು ಕೇಂದ್ರ ವಿದ್ಯುತ್ ಸಚಿವಾಲಯ. ಅದು ದೇಶಕ್ಕೆಲ್ಲ ಹೇಳಿದ ಮಾತು. ಅದನ್ನು ಅಲ್ಲಗಳೆಯುವ ಅಧಿಕಾರವನ್ನು ಸಂಘದ ಕಾರ್ಯದರ್ಶಿಗೆ ಕೊಟ್ಟವರು ಯಾರು?

"ಲೋಡ್ ತಡೆಯದು, ಬೆಂಕಿ ಹತ್ತೀತು" ಎಂಬುದು ಅವರ ಉತ್ತರ. ಕಾರಿನ ಸಾಧಾರಣ ಚಾರ್ಜರ್ 3.3 ಕಿಲೋವ್ಯಾಟ್, ಬಚ್ಚಲುಮನೆಯ ಗೀಸರ್ 2 ಕಿಲೋವ್ಯಾಟ್. ಪ್ರತಿ ಮನೆಯ ಗೀಸರಿಗೂ ಸಂಘ ಅಪ್ಪಣೆ ಕೊಟ್ಟಿದೆಯೇ? ಒಂದೇ ರಾತ್ರಿ ನೂರು ಕಾರುಗಳು ಒಟ್ಟಿಗೆ ಚಾರ್ಜ್ ಆದರೆ ತೊಂದರೆಯುಂಟು, ಒಪ್ಪುತ್ತೇನೆ. ಅದಕ್ಕೆ ಸರದಿ ಗೊತ್ತುಮಾಡಬೇಕು, ಬೇರೆ ಮೀಟರ್ ಹಾಕಿಸಬೇಕು, ಅರ್ಹ ಎಲೆಕ್ಟ್ರಿಷಿಯನ್ನಿಂದ ತಂತಿ ಎಳೆಸಬೇಕು. ಬಾಗಿಲು ಹಾಕುವುದು ಪರಿಹಾರವಲ್ಲ.

ಬೆಂಗಳೂರಿನ ಬಂಧುಗಳು ನಗಬೇಕಾಗಿಲ್ಲ. ದೇಶದಲ್ಲಿ ಮೊದಲು, 2017ರಲ್ಲಿಯೇ, ಇಂಥ ನೀತಿ ತಂದ ರಾಜ್ಯ ನಮ್ಮದು. ಅದರ ಒತ್ತು ಬಹುಮಟ್ಟಿಗೆ ಕಾರ್ಖಾನೆ, ಬಂಡವಾಳಗಳ ಮೇಲೆಯೇ ಇತ್ತು. ಏಥರ್ ಸ್ಕೂಟರಿನ ಕಂಪನಿ ಬೆಂಗಳೂರಿನದು, ಕಾರ್ಖಾನೆ ಹೊಸೂರಿನಲ್ಲಿ. ಅತ್ತಿಬೆಲೆ ದಾಟಿದೊಡನೆ ದರ ಗೊತ್ತುಮಾಡುವ ಆಯೋಗವೂ ಕಟ್ಟಡದ ನಿಯಮವೂ ಬೇರೆ.

ಸಂಘಕ್ಕೆ ಲಿಖಿತ ಅರ್ಜಿ ಕೊಡು, ಮಾರ್ಗಸೂಚಿಯ ಪ್ರತಿ ಲಗತ್ತಿಸು, ನಿರಾಕರಿಸುವುದಾದರೆ ಕಾರಣವನ್ನೂ ಬರಹದಲ್ಲಿಯೇ ಕೇಳು ಎಂದು ಹುಡುಗನಿಗೆ ಹೇಳಿದ್ದೇನೆ. ಉತ್ತರ ಬಂದೊಡನೆ ಇಲ್ಲಿ ಬರೆಯುವೆ.